ಟ್ಯಾಬ್‌ನಲ್ಲಿ ಜಾಗ ಇದೆ, ಕಾಲ ಇಲ್ಲ

ಮಾನ್ಯ ಸಂಪಾದಕರೇ,

ಬೇಸ್ ಗಿಟಾರ್ ಕಲಿಯುವವರಿಗಾಗಿ ನಿಮ್ಮ ಪುರವಣಿಯಲ್ಲಿ ಬಂದ ಬರಹವನ್ನೂ ಅದರ ಜೊತೆ ಅಚ್ಚಾಗಿದ್ದ ಟ್ಯಾಬನ್ನೂ (ಸ್ವರಗಳನ್ನು ಅಂಕಿಗಳಲ್ಲಿ ಬರೆಯುವ ಲಿಪಿ) ಓದಿದೆವು. ಹಾಡಿನ ಭಾರವನ್ನೆಲ್ಲ ಹೊತ್ತರೂ ಹಿಂದೆಯೇ ಉಳಿಯುವ ಈ ವಾದ್ಯಕ್ಕೆ ಕನ್ನಡದಲ್ಲಿ ಒಂದು ಪುಟ ಸಿಕ್ಕಿದ್ದು ಸಂತೋಷ. ಆದರೆ ಅಂಕಿ ಓದಲು ಬಂದರೆ ಯಾವ ಹಾಡನ್ನಾದರೂ ನುಡಿಸಬಹುದು ಎಂಬ ಅಲ್ಲಿನ ಮಾತು ಹೊಸಬರ ದಾರಿ ತಪ್ಪಿಸುತ್ತದೆ. ಟ್ಯಾಬ್ ಹಿಡಿದು ಕಲಿಯುವವರಲ್ಲಿ ಪದೇ ಪದೇ ಕಾಣುವ ತೊಡಕು ಒಂದೇ: ಬೆರಳು ಸರಿಯಾದ ಫ್ರೆಟ್ಟಿನಲ್ಲೇ (ಕತ್ತಿನ ಮೇಲೆ ಲೋಹದ ಪಟ್ಟಿ ಗುರುತಿಸುವ ಜಾಗ) ಇರುತ್ತದೆ, ಹಾಡು ಮಾತ್ರ ಆ ಹಾಡಿನಂತೆ ಕೇಳುವುದಿಲ್ಲ. ಹೀಗೇಕಾಗುತ್ತದೆ, ಏನು ಮಾಡಬೇಕು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಟ್ಯಾಬ್ ಹೇಳುವುದು ಇಷ್ಟು. ನಾಲ್ಕು ಅಡ್ಡ ಗೆರೆ, ಒಂದೊಂದೂ ಒಂದು ತಂತಿ. ಎಲ್ಲಕ್ಕಿಂತ ಮೇಲಿನದು ತೆಳು ತಂತಿ ಜಿ, ಅದರ ಕೆಳಗೆ ಡಿ, ಆಮೇಲೆ ಎ, ತಳದಲ್ಲಿ ದಪ್ಪ ತಂತಿ ಇ. ಗೆರೆಯ ಮೇಲಿನ ಅಂಕಿ ಯಾವ ಫ್ರೆಟ್ ಒತ್ತಬೇಕೆಂದು ಹೇಳುತ್ತದೆ. 0 ಎಂದರೆ ಖಾಲಿ ತಂತಿ. ವಾದ್ಯ ಹೆಗಲಿಗೇರಿಸಿದಾಗ ದಪ್ಪ ತಂತಿ ಮೇಲೆ ಕಾಣುತ್ತದೆ, ಕಾಗದದಲ್ಲಿ ಅದು ಕೆಳಗಿದೆ, ಹಾಗಾಗಿ ಮೊದಲ ವಾರ ಎಲ್ಲರೂ ತಲೆಕೆಳಗು ಓದುತ್ತಾರೆ. ಬೇಸನ್ನು ತೊಡೆಯ ಮೇಲೆ ಮುಖ ಮೇಲಾಗಿ ಮಲಗಿಸಿ, ಕಾಗದವನ್ನು ಮೇಜಿನ ಮೇಲೆ ಇಟ್ಟು ನೋಡಿ. ದಪ್ಪ ತಂತಿ ಹೊಟ್ಟೆಯ ಹತ್ತಿರ, ತೆಳು ತಂತಿ ದೂರ, ಕಾಗದದಲ್ಲೂ ಹಾಗೆಯೇ. ಗೊಂದಲ ಅಲ್ಲಿಗೆ ಮುಗಿಯುತ್ತದೆ. ಅಂಕಿಗಳ ನಡುವೆ ಹೆಚ್ ಅಕ್ಷರವಿದ್ದರೆ ಹ್ಯಾಮರ್-ಆನ್ (ಮತ್ತೆ ಮೀಟದೆ ಎಡಗೈ ಬೆರಳು ಬಡಿದು ಮೇಲಿನ ಸ್ವರ), ಪಿ ಇದ್ದರೆ ಪುಲ್-ಆಫ್ (ಬೆರಳು ಕಿತ್ತು ಕೆಳಗಿನ ಸ್ವರ), ಓರೆಗೆರೆ ಇದ್ದರೆ ಸ್ಲೈಡ್ (ತಂತಿಯ ಮೇಲೆ ಬೆರಳು ಜಾರಿಸುವುದು), ಗುಣಾಕಾರದ ಗುರುತಿದ್ದರೆ ಸ್ವರವಿಲ್ಲದ ಬರೀ ‘ಟಕ್’ ಶಬ್ದ. ಆ ‘ಟಕ್’ ಬರಬೇಕಾದರೆ ಎಡಗೈಯ ಒಂದೇ ಬೆರಳು ತಾಗಿಸಿದರೆ ಸಾಲದು. 5, 7, 12ನೇ ಫ್ರೆಟ್ಟಿನ ನೇರದಲ್ಲಿ ಒಂದೇ ಬೆರಳು ಹಗುರಾಗಿ ತಾಗಿದರೆ ಗಂಟೆಯಂಥ ಹಾರ್ಮೋನಿಕ್ ಹೊರಡುತ್ತದೆ. ಎರಡು ಮೂರು ಬೆರಳು ಒಟ್ಟಿಗೆ ಮಲಗಿಸಬೇಕು.

ಇದಿಷ್ಟನ್ನು ಅರ್ಧ ಗಂಟೆಯಲ್ಲಿ ಕಲಿಯಬಹುದು. ತೊಂದರೆ ಇರುವುದು ಟ್ಯಾಬ್ ಹೇಳದೆ ಬಿಟ್ಟದ್ದರಲ್ಲಿ. ಎಲ್ಲಿ ಒತ್ತಬೇಕು ಎಂಬುದು ಅಲ್ಲಿದೆ. ಯಾವಾಗ ಮೀಟಬೇಕು, ಎಷ್ಟು ಹೊತ್ತು ಹಿಡಿಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದಿಲ್ಲ.

ಇದು ಟ್ಯಾಬ್‌ನ ಹುಟ್ಟುಗುಣವೇನೂ ಅಲ್ಲ. ಮುದ್ರಕ ಒಟ್ಟಾವಿಯಾನೊ ಪೆಟ್ರುಚ್ಚಿ 1507ರಲ್ಲಿ ವೆನಿಸ್‌ನಲ್ಲಿ ಲ್ಯೂಟ್ ಎಂಬ ಹಳೆಯ ತಂತಿವಾದ್ಯಕ್ಕೆ ಟ್ಯಾಬ್ ಅಚ್ಚು ಹಾಕಿದಾಗ ಅಂಕಿಗಳ ಮೇಲೆ ಕಾಲದ ಗುರುತುಗಳೂ ಇದ್ದವು. ಅಂದಿನ ಇಟಲಿಯ ಪದ್ಧತಿಯಲ್ಲಿ ಗೆರೆಗಳ ಕ್ರಮ ಈಗಿನದಕ್ಕೆ ತಿರುವುಮುರುವು, ಮೇಲಿನ ಗೆರೆಯೇ ತಗ್ಗಿನ ತಂತಿ. ಆದರೂ ಎಷ್ಟು ಕಾಲ ಎಂಬುದು ಬಿಟ್ಟುಹೋಗಿರಲಿಲ್ಲ. ಬರೀ ಅಂಕಿ ಮತ್ತು ಅಡ್ಡಗೆರೆಗಳಿಂದ ಟೈಪು ಮಾಡಿದ ಟ್ಯಾಬ್ ಬಳಕೆಗೆ ಬಂದಾಗ ಆ ಗುರುತುಗಳನ್ನು ಹಾಕಲು ಕೀಲಿಮಣೆಯಲ್ಲಿ ಸುಲಭದ ದಾರಿ ಇರಲಿಲ್ಲ, ಹೆಚ್ಚಿನವರು ಕೈಬಿಟ್ಟರು. ಐನೂರು ವರ್ಷದ ಹಿಂದೆ ಇದ್ದದ್ದನ್ನು ನಾವು ಕೈಯಾರೆ ಮತ್ತೆ ಬರೆದುಕೊಳ್ಳಬೇಕಾಗಿದೆ.

ಒಂದು ಚಿಕ್ಕ ಉದಾಹರಣೆ. ಇ ತಂತಿಯ ಮೇಲೆ 3, 3, 5, 3 ಎಂದು ಬರೆದಿದೆ ಎನ್ನೋಣ. ಬೀಟಿಗೊಂದರಂತೆ ನುಡಿಸಿದರೆ ಸಿಪಾಯಿಗಳ ನಡಿಗೆಯಂತೆ ಕೇಳುತ್ತದೆ. ಮೊದಲನೆಯದನ್ನು ಒಂದೂವರೆ ಬೀಟು ಹಿಡಿದು, ಎರಡನೆಯದನ್ನು ಎರಡನೇ ಬೀಟಿನ ಹಿಂಭಾಗಕ್ಕೆ ಹಾಕಿ, 5 ಅನ್ನು ಮೂರರ ಹಿಂಭಾಗಕ್ಕೆ ತಳ್ಳಿ, ಕೊನೆಯದನ್ನು ನಾಲ್ಕರ ಮೇಲೆ ಇಟ್ಟರೆ ಕಾಲು ತಾನಾಗಿ ಕುಣಿಯುತ್ತದೆ. ಟ್ಯಾಬ್‌ನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಗೆರೆಯ ಮೇಲಿನ ಖಾಲಿ ಜಾಗವೇ ಕಾಲ ಎಂದು ಹಲವರು ನಂಬುತ್ತಾರೆ. ನಂಬಬಹುದೇ ಎಂದು ಪರೀಕ್ಷಿಸಲು ಸುಲಭ ಉಪಾಯವಿದೆ. ಎರಡು ಬಾರ್ ಗೆರೆಗಳ ನಡುವೆ, ಅಂದರೆ ನಾಲ್ಕು ಬೀಟಿನ ಒಂದು ಸುತ್ತಿನಲ್ಲಿ, ಎಷ್ಟು ಅಕ್ಷರಗಳ ಜಾಗವಿದೆ ಎಂದು ಎಣಿಸಿ. ಪ್ರತಿ ಬಾರಿನಲ್ಲೂ ತಪ್ಪದೆ 16 ಇದ್ದರೆ ಬರೆದವರು ಒಂದೊಂದು ಜಾಗಕ್ಕೆ ಕಾಲು ಬೀಟು ಎಂದು ಲೆಕ್ಕ ಇಟ್ಟಿದ್ದಾರೆ, ನಂಬಿ. ಒಂದರಲ್ಲಿ 14, ಇನ್ನೊಂದರಲ್ಲಿ 19, ಮತ್ತೊಂದರಲ್ಲಿ 22 ಇದ್ದರೆ ಕಣ್ಣಿಗೆ ಚಂದ ಕಾಣಲೆಂದು ಬಿಟ್ಟ ಜಾಗವದು, ಅದಕ್ಕೆ ಅರ್ಥವಿಲ್ಲ. 10, 12ರಂಥ ಎರಡಂಕಿಯ ಫ್ರೆಟ್ ಎರಡು ಜಾಗ ತಿನ್ನುವುದರಿಂದ ಒಳ್ಳೆಯ ಟ್ಯಾಬ್‌ನಲ್ಲೂ ಲೆಕ್ಕ ಒಂದೆರಡು ಅಕ್ಷರ ಜಾರುವುದುಂಟು. ಫೋನಿನ ಪರದೆಯಲ್ಲಿ ಸಾಲು ನಡುವೆಯೇ ಮುರಿದು ಕೆಳಗಿಳಿದರೆ, ಅಥವಾ ಎಲ್ಲ ಅಕ್ಷರಕ್ಕೂ ಒಂದೇ ಅಗಲವಿಲ್ಲದ ಫಾಂಟ್ ಇದ್ದರೆ, ಅಂಕಿಗಳು ಬೇರೆ ತಂತಿಯ ಅಂಕಿಗಳ ಮೇಲೆ ಕೆಳಗೆ ಕೂತು ಎರಡು ಸ್ವರ ಒಟ್ಟಿಗೆ ನುಡಿಸಬೇಕೇನೋ ಎಂಬ ಭ್ರಮೆ ಹುಟ್ಟಿಸುತ್ತವೆ.

ಕಾಲವನ್ನು ಬರೆದುಕೊಳ್ಳುವುದು ಹೇಗೆ? ಇದಕ್ಕೆ ನಮ್ಮ ಮಾತಿನಲ್ಲೇ ಒಳ್ಳೆಯ ಸಲಕರಣೆ ಇದೆ. ಬಾಯಲ್ಲಿ ಎಣಿಸುವಾಗ ನಾವು ಒಂ-ದು, ಎರ್-ಡು, ಮೂ-ರು, ನಾ-ಕು ಎನ್ನುತ್ತೇವೆ. ನಾಲ್ಕಕ್ಕೂ ಸರಿಯಾಗಿ ಎರಡೆರಡು ತುಂಡು. ಮೊದಲ ತುಂಡು ಬೀಟಿನ ಮೇಲೆ, ಎರಡನೆಯದು ಬೀಟಿನ ನಟ್ಟನಡುವೆ. ನಾಲ್ಕು ಬೀಟಿನ ಒಂದು ಬಾರಿಗೆ ಕಾಗದದ ಮೇಲೆ ಎಂಟು ಮನೆ ಹಾಕಿ, ಮೇಲೆ ಈ ಎಂಟು ತುಂಡು ಬರೆಯಿರಿ. ಹಾಡಿನ ಎರಡೇ ಎರಡು ಬಾರನ್ನು ಮತ್ತೆ ಮತ್ತೆ ಕೇಳಿ, ಚಪ್ಪಾಳೆಯಲ್ಲಿ ಬೀಟು ಹಿಡಿದು, ಬೇಸ್ ಸದ್ದು ಎಲ್ಲೆಲ್ಲಿ ಹೊರಟಿತೋ ಆ ಮನೆಗಳಲ್ಲಿ ಚುಕ್ಕೆ ಇಡಿ. ವಾದ್ಯ ಇನ್ನೂ ಮುಟ್ಟಬೇಡಿ. ಆಮೇಲೆ ಟ್ಯಾಬ್‌ನ ಅಂಕಿಗಳನ್ನು ವರಸೆಯಾಗಿ ಚುಕ್ಕೆಗಳ ಮೇಲೆ ಇಳಿಸಿ. ಮೇಲೆ ಹೇಳಿದ ಕುಣಿಯುವ ಸಾಲು ಹೀಗಿರುತ್ತದೆ: ‘ಒಂ’ ಮನೆಯಲ್ಲಿ 3, ‘ಡು’ ಮನೆಯಲ್ಲಿ 3, ‘ರು’ ಮನೆಯಲ್ಲಿ 5, ‘ನಾ’ ಮನೆಯಲ್ಲಿ 3, ಉಳಿದವು ಖಾಲಿ.

ಚುಕ್ಕೆಗಳ ಲೆಕ್ಕಕ್ಕೂ ಅಂಕಿಗಳ ಲೆಕ್ಕಕ್ಕೂ ತಾಳೆಯಾಗಬೇಕು. ಚುಕ್ಕೆ 7, ಅಂಕಿ 8 ಬಂದರೆ ಎಲ್ಲೋ ಒಂದು ಹ್ಯಾಮರ್-ಆನ್ ನಿಮ್ಮ ಕಿವಿ ತಪ್ಪಿಸಿಕೊಂಡಿದೆ, ಇಲ್ಲವೇ ಬರೆದವರು ಒಂದು ಸ್ವರ ಹೆಚ್ಚು ಹಾಕಿದ್ದಾರೆ. ಈ ಒಂದು ಹೆಜ್ಜೆಯಲ್ಲೇ ಟ್ಯಾಬ್‌ನ ಎಷ್ಟೋ ತಪ್ಪು ಹೊರಬೀಳುತ್ತದೆ. ಬೀಟನ್ನು ನಾಲ್ಕಾಗಿ ಒಡೆಯುವ ಹಾಡಿಗೆ ಎಂಟು ಮನೆ ಸಾಲದು, ಹದಿನಾರು ಬೇಕು. ಆಗ ಬೀಟಿಗೊಂದು ತ-ಕ-ಧಿ-ಮಿ. ಮೂರಾಗಿ ಒಡೆಯುವುದಾದರೆ ತ-ಕಿ-ಟ. ಎಂಟು ಮನೆಯಲ್ಲಿ ಎಲ್ಲವೂ ಸರಿ ಕೂತರೂ ನುಡಿಸಿದಾಗ ಬಿಗಿಯಾಗಿ, ಮರಗಟ್ಟಿದಂತೆ ಕೇಳಿದರೆ ಹಾಡಿನಲ್ಲಿ ಸ್ವಿಂಗ್ ಇದೆಯೇ ನೋಡಿ: ಅಲ್ಲಿ ಬೀಟಿನ ಎರಡು ಭಾಗ ಸಮ ಇರುವುದಿಲ್ಲ, ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ತ-ಕಿ-ಟದಲ್ಲಿ ‘ತ’ಕ್ಕೂ ‘ಟ’ಕ್ಕೂ ಮೀಟಿದರೆ ಆ ತೂಗು ಸಿಗುತ್ತದೆ.

ಹೊಸಬರು ಎಡವುವ ಇನ್ನೊಂದು ಜಾಗ ಬಾರಿನ ಗಡಿ. ಮುಂದಿನ ಬಾರಿನ ಸ್ವರವನ್ನು ಹಿಂದಿನ ಬಾರಿನ ‘ಕು’ವಿನಲ್ಲೇ ಮೀಟಿ, ‘ಒಂ’ ದಾಟಿಸಿ ಹಿಡಿದುಕೊಳ್ಳುವುದು ಬೇಸ್‌ನಲ್ಲಿ ತೀರ ಸಾಮಾನ್ಯ. ಟ್ಯಾಬ್ ಬರೆಯುವವರು ಅದನ್ನು ಗೆರೆಯ ಆಚೆ ಹಾಕಿಬಿಡುತ್ತಾರೆ. ಅರ್ಧ ಬೀಟು ತಡವಾಗಿ ಮೀಟಿದಾಗ ಹಾಡು ಮುಂದೆ ನುಗ್ಗುವ ಬದಲು ಕಾಲೆಳೆಯುತ್ತದೆ. ಡ್ರಮ್ಮಿನ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಕೇಳಿಸಿಕೊಳ್ಳಿ. ಬೇಸ್ ಹೆಚ್ಚಾಗಿ ಅದರ ಜೊತೆಗೇ ಬೀಳುತ್ತದೆ, ಅನುಮಾನವಿದ್ದಾಗ ಕಿಕ್ ಹೇಳಿದ್ದೇ ಸರಿ ಇರುವ ಸಂಭವ ಹೆಚ್ಚು.

ಸ್ವರ ಎಲ್ಲಿ ಶುರುವಾಗಬೇಕು ಎನ್ನುವಷ್ಟೇ ಎಲ್ಲಿ ನಿಲ್ಲಬೇಕು ಎನ್ನುವುದೂ ಮುಖ್ಯ. ಬೇಸ್‌ನಲ್ಲಂತೂ ಮೌನವೂ ಒಂದು ಸ್ವರ. ಚುಕ್ಕೆಯಿಂದ ಸ್ವರ ನಿಲ್ಲುವ ಮನೆಯವರೆಗೆ ಒಂದು ಗೆರೆ ಎಳೆದುಕೊಳ್ಳಿ. ಒತ್ತಿದ ಸ್ವರ ನಿಲ್ಲಿಸಲು ಬೆರಳಿನ ಒತ್ತಡ ಸಡಿಲಿಸಿದರೆ ಸಾಕು, ತಂತಿಯಿಂದ ಬೆರಳು ಎತ್ತಬಾರದು; ಎತ್ತಿದರೆ ಖಾಲಿ ತಂತಿ ಗುಂಯ್ ಎನ್ನುತ್ತದೆ. ಖಾಲಿ ತಂತಿಯ ಸ್ವರ ತಾನಾಗಿ ನಿಲ್ಲುವುದಿಲ್ಲ, ಎಡಗೈ ಬೆರಳನ್ನೋ ಬಲಗೈಯನ್ನೋ ಅದರ ಮೇಲೆ ಮಲಗಿಸಬೇಕು. ಎ ತಂತಿಗೆ ಹೋದಾಗ ಬಲಗೈ ಹೆಬ್ಬೆರಳನ್ನು ಪಿಕಪ್ಪಿನಿಂದ (ತಂತಿಯ ಕಂಪನ ಹಿಡಿಯುವ ಭಾಗ) ಇ ತಂತಿಯ ಮೇಲೆ ಇಳಿಸಿ, ಡಿಗೆ ಹೋದರೆ ಇನ್ನೂ ಕೆಳಗೆ ಸರಿಸಿ. ಮೇಲೆ ಬಿಟ್ಟ ದಪ್ಪ ತಂತಿಗಳು ಮುಟ್ಟದೆಯೂ ಅನುರಣಿಸುತ್ತವೆ. ಧ್ವನಿ ಕೆಸರಾಗಿದೆ ಎಂದು ಆಂಪ್ಲಿಫೈಯರಿನ ಗುಬುಟು ತಿರುಗಿಸುವವರಲ್ಲಿ ಹಲವರಿಗೆ ಬೇಕಾದದ್ದು ಈ ಹೆಬ್ಬೆರಳು.

ಇನ್ನು ಜಾಗದ ವಿಷಯ. ಅದನ್ನಾದರೂ ಟ್ಯಾಬ್ ಸರಿಯಾಗಿ ಹೇಳುತ್ತದೆಯೇ ಎಂದರೆ, ಅದೂ ಪೂರ್ತಿ ಭರವಸೆಯದಲ್ಲ. ತಂತಿಯಿಂದ ತಂತಿಗೆ ಐದು ಫ್ರೆಟ್ಟಿನ ಅಂತರ. ಹಾಗಾಗಿ ಖಾಲಿ ಜಿ ತಂತಿಯ ಸ್ವರವೇ ಡಿ ತಂತಿಯ 5ರಲ್ಲಿ, ಎ ತಂತಿಯ 10ರಲ್ಲಿ, ಇ ತಂತಿಯ 15ರಲ್ಲಿ ಸಿಗುತ್ತದೆ. ಸ್ವರ ಒಂದೇ, ಬಣ್ಣ ಬೇರೆ: ದಪ್ಪ ತಂತಿಯ ಮೇಲಕ್ಕೆ ಹೋದಷ್ಟೂ ಧ್ವನಿ ಗುಂಡಗೆ, ಮಂದವಾಗುತ್ತದೆ, ಖಾಲಿ ತಂತಿ ಹೊಳಪಾಗಿ, ಉದ್ದಕ್ಕೆ ಮೊಳಗುತ್ತದೆ. ಕಿವಿಯಿಂದ ಕೇಳಿ ಟ್ಯಾಬ್ ಬರೆದವರು ತಮ್ಮ ಕೈಗೆ ಸುಲಭವಾದ ಜಾಗ ಬರೆದಿರುತ್ತಾರೆ, ಮೂಲ ವಾದಕರ ಕೈ ಅಲ್ಲೇ ಇತ್ತೆಂದೇನಿಲ್ಲ. ಎರಡು ಸುಳಿವು ಹಿಡಿಯಿರಿ. ಸ್ಲೈಡ್ ಕೇಳಿಸಿದರೆ ಶುರು ಮತ್ತು ಕೊನೆ ಒಂದೇ ತಂತಿಯ ಮೇಲಿರಲೇಬೇಕು, ಖಾಲಿ ತಂತಿಯಿಂದ ಅದು ಹೊರಡಲಾರದು. ಎರಡನೆಯದು ಕೈಯ ಓಟ: ಅರ್ಧ ಬೀಟಿನೊಳಗೆ 7ನೇ ಫ್ರೆಟ್ಟಿನಿಂದ ಜಿ ತಂತಿಯ 2ಕ್ಕೆ ಹಾರಿ ಮತ್ತೆ 7ಕ್ಕೆ ಬರಬೇಕೆಂದು ಬರೆದಿದ್ದರೆ, ಆ 2ರ ಬದಲು ಡಿ ತಂತಿಯ 7 ಹಾಕಿ ನೋಡಿ. ಸ್ವರ ಅದೇ, ಕೈ ಅಲುಗಬೇಕಿಲ್ಲ.

ಶ್ರುತಿಯ ತಪ್ಪು ಇನ್ನೂ ಮೊದಲೇ ಹಿಡಿಯಬೇಕಾದದ್ದು. ಸಾಮಾನ್ಯ ಟ್ಯೂನಿಂಗಿನಲ್ಲಿ ಇ 41.2 ಹರ್ಟ್ಸ್, ಎ 55, ಡಿ 73.4, ಜಿ 98. ಟ್ಯೂನರ್ ಹಚ್ಚಿ ಸರಿಮಾಡಿದ ಮೇಲೂ ಹಾಡಿನ ಜೊತೆ ಹೊಂದದಿದ್ದರೆ ಯಾವ ರೀತಿ ಹೊಂದುತ್ತಿಲ್ಲ ಎಂಬುದನ್ನು ಗಮನಿಸಿ. ಎಲ್ಲ ಸ್ವರವೂ ಒಂದೇ ಅಳತೆಯಲ್ಲಿ ಮೇಲೆ ಇದ್ದರೆ ಹಾಡನ್ನು ಅರ್ಧ ಸ್ವರ (ಒಂದು ಫ್ರೆಟ್ಟಿನಷ್ಟು) ಇಳಿಸಿದ ತಂತಿಗಳಲ್ಲಿ ನುಡಿಸಿರಬಹುದು, ಇಲ್ಲವೇ ಧ್ವನಿಮುದ್ರಣದ ವೇಗವೇ ಚೂರು ಬದಲಾಗಿರಬಹುದು. ದಪ್ಪ ತಂತಿಯ ಸ್ವರಗಳು ಮಾತ್ರ ಎರಡು ಫ್ರೆಟ್ ಮೇಲೆ ಕೇಳುತ್ತಿದ್ದರೆ ಅದು ಡ್ರಾಪ್ ಡಿ: ಇ ತಂತಿಯನ್ನು ಡಿಗೆ ಇಳಿಸಿ ಬರೆದ ಟ್ಯಾಬ್. ತಂತಿ ಇಳಿಸಲು ಇಷ್ಟವಿಲ್ಲದಿದ್ದರೆ ಆ ಗೆರೆಯ ಪ್ರತಿ ಅಂಕಿಯಿಂದ 2 ಕಳೆಯಿರಿ; 0 ಮತ್ತು 1 ಮಾತ್ರ ಸಿಗುವುದಿಲ್ಲ. ಅಲ್ಲೊಂದು ಇಲ್ಲೊಂದು ಸ್ವರ ಮಾತ್ರ ಕಚ್ಚುತ್ತಿದ್ದರೆ ಅದು ಬರೆದವರ ತಪ್ಪು, ಒಂದು ಫ್ರೆಟ್ ಆಚೀಚೆ ಮಾಡಿ ನೋಡಿದರೆ ಬಹುಪಾಲು ಸರಿಹೋಗುತ್ತದೆ.

ಐದು ಗೆರೆಯ ಟ್ಯಾಬ್ ಸಿಕ್ಕಿದರೆ ಹೆದರಬೇಕಿಲ್ಲ. ತಳದ ಗೆರೆ ಬಿ ತಂತಿ. ಅದರ 5ನೇ ಫ್ರೆಟ್ ಎಂದರೆ ನಿಮ್ಮ ಖಾಲಿ ಇ, ಅಲ್ಲಿಂದ ಮೇಲಿನದಕ್ಕೆಲ್ಲ 5 ಕಳೆದು ಇ ತಂತಿಯಲ್ಲಿ ನುಡಿಸಿ. 5ಕ್ಕಿಂತ ಕೆಳಗಿನದನ್ನು ಒಂದು ಸ್ಥಾಯಿ ಮೇಲೆ ಒಯ್ಯಬೇಕು: ಬಿ ತಂತಿಯ 3ಕ್ಕೆ ಎ ತಂತಿಯ 5. ಆರು ಗೆರೆ ಕಂಡರೆ ಬಹುಮಟ್ಟಿಗೆ ಅದು ಗಿಟಾರಿನದು, ಬೇಸಿನದಲ್ಲ. ಮುಚ್ಚಿಟ್ಟುಬಿಡಿ.

ಕೇಳುವುದು ಕಿವಿಗೆ ಹಾಕುವ ಹೆಡ್‌ಫೋನಿನಲ್ಲೇ ಆಗಬೇಕು. ಫೋನಿನ ಪುಟ್ಟ ಸ್ಪೀಕರಿಗೆ 41 ಹರ್ಟ್ಸ್ ಇರಲಿ, 98 ಹರ್ಟ್ಸ್ ಹೊರಡಿಸುವುದೂ ಕಷ್ಟ. ನಿಮಗೆ ಕೇಳುವುದು ಮೂಲ ಸ್ವರದ ಮೇಲಿನ ಅನುಸ್ವರಗಳು ಮಾತ್ರ, ಅದಕ್ಕೇ ಯಾವ ಸ್ಥಾಯಿ ಎಂಬುದು ಗೊತ್ತಾಗದೆ ಎಡವುತ್ತೀರಿ. ಹೆಡ್‌ಫೋನಿನಲ್ಲೂ ಬೇಸ್ ಬಿಡಿಯಾಗಿ ಕೇಳದಿದ್ದರೆ, ವೇಗ ಇಳಿಸುವ ಆ್ಯಪ್‌ನಲ್ಲಿ ಹಾಡಿನ ಶ್ರುತಿಯನ್ನು ಒಂದು ಪೂರ್ತಿ ಸ್ಥಾಯಿ, ಅಂದರೆ 12 ಅರ್ಧ ಸ್ವರ ಮೇಲೇರಿಸಿ. ಗಾಯಕರ ದನಿ ವಿಚಿತ್ರವಾಗುತ್ತದೆ, ಬೇಸ್ ಮಾತ್ರ ಗಿಟಾರಿನ ಎತ್ತರಕ್ಕೆ ಬಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ವೇಗವನ್ನು ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ತಗ್ಗಿನ ಸ್ವರಗಳು ಒಂದಕ್ಕೊಂದು ಕಲಸಿಕೊಳ್ಳುತ್ತವೆ.

ಇಷ್ಟು ಸಿದ್ಧತೆಯಾದ ಮೇಲೆ ವಾದ್ಯ. ಹಾಡಿನ ನಕ್ಷೆ ಮೊದಲು ಬರೆಯಿರಿ: ಪೀಠಿಕೆ ಎಷ್ಟು ಬಾರು, ಪಲ್ಲವಿ ಎಷ್ಟು, ಚರಣ ಎಷ್ಟು, ಯಾವುದು ಎಷ್ಟು ಸಲ ಮರಳುತ್ತದೆ. ನಾಲ್ಕು ನಿಮಿಷದ ಹಾಡಿನಲ್ಲಿ ನಿಜವಾಗಿ ಬೇರೆ ಬೇರೆಯಾದ ಬೇಸ್ ಸಾಲು ಮೂರೋ ನಾಲ್ಕೋ ಇರುವುದು ಸಾಮಾನ್ಯ. ಮೊದಲ ಸುತ್ತಿನಲ್ಲಿ ಪ್ರತಿ ಬಾರಿನ ‘ಒಂ’ದಲ್ಲಿ ಬರುವ ರೂಟ್ ಸ್ವರ (ಅಲ್ಲಿನ ಸ್ವರಗುಚ್ಛದ ಆಧಾರ ಸ್ವರ) ಒಂದನ್ನೇ ಮೀಟಿ, ಬಾರು ಮುಗಿಯುವವರೆಗೆ ಹಿಡಿದು, ಹಾಡಿನ ಕೊನೆತನಕ ನಿಲ್ಲದೆ ಹೋಗಿ. ಇದು ಸಪ್ಪೆ ಎನಿಸಬಹುದು. ಆದರೆ ಹಾಡಿನಲ್ಲಿ ಎಲ್ಲಿದ್ದೇನೆ ಎಂಬ ಅರಿವು ಬರುವುದು ಇದರಿಂದಲೇ, ಮುಂದೆ ಒಂದು ಸಾಲು ತಪ್ಪಿದರೂ ಮುಂದಿನ ‘ಒಂ’ಕ್ಕೆ ಮತ್ತೆ ಹತ್ತಿಕೊಳ್ಳಬಹುದು.

ಆಮೇಲೆ ಎರಡೆರಡು ಬಾರಿನ ತುಂಡು. ಹಾಡಿನ ವೇಗದ ನೂರಕ್ಕೆ 60ರಿಂದ ಶುರುಮಾಡಿ. ನಿಮಿಷಕ್ಕೆ 120 ಬೀಟಿನ ಹಾಡಾದರೆ ಬೀಟು ಎಣಿಸುವ ಮೆಟ್ರೊನೋಮ್ 72ಕ್ಕೆ. 120ರಲ್ಲಿ ಅರ್ಧ ಬೀಟಿಗೆ ಸಿಗುವುದು ಕಾಲು ಸೆಕೆಂಡು, 72ರಲ್ಲಿ 0.4 ಸೆಕೆಂಡಿಗಿಂತ ತುಸು ಹೆಚ್ಚು. ಯೋಚಿಸಿ ಬೆರಳಿಡಲು ಅಷ್ಟು ಸಾಕು. ಸತತ ಮೂರು ಸಲ ತಪ್ಪಿಲ್ಲದೆ ಬಂದರೆ 4 ಬೀಟು ಏರಿಸಿ, ತಪ್ಪಿದರೆ 8 ಇಳಿಸಿ. ತಪ್ಪನ್ನೇ ವೇಗವಾಗಿ ಹತ್ತು ಸಲ ನುಡಿಸಿದರೆ ಕೈ ಆ ತಪ್ಪನ್ನೇ ಕಲಿಯುತ್ತದೆ. ತುಂಡನ್ನು ಎರಡನೇ ಬಾರಿನ ‘ಕು’ವಿಗೆ ನಿಲ್ಲಿಸಬೇಡಿ, ಮೂರನೇ ಬಾರಿನ ‘ಒಂ’ ಮೀಟಿ ನಿಲ್ಲಿಸಿ. ಬಿಡಿ ತುಂಡುಗಳೆಲ್ಲ ಚೆನ್ನಾಗಿ ಬಂದು, ಜೋಡಿಸಿದಾಗ ಪ್ರತಿ ಎರಡು ಬಾರಿಗೊಮ್ಮೆ ಉಸಿರು ಸಿಕ್ಕಿಕೊಂಡಂತೆ ತಡೆಯುತ್ತಿದ್ದರೆ ಈ ಒಂದು ಸ್ವರ ಅಭ್ಯಾಸದಲ್ಲಿ ಬಿಟ್ಟುಹೋಗಿದೆ ಎಂದೇ ಅರ್ಥ.

ಕೈಗಳ ಬಗ್ಗೆ ಟ್ಯಾಬ್ ಏನೂ ಹೇಳುವುದಿಲ್ಲ, ನೋವು ಬರುವುದು ಅಲ್ಲೇ. 34 ಇಂಚು ಸ್ಕೇಲಿನ (ತಂತಿಯ ಮಿಡಿಯುವ ಉದ್ದ) ಬೇಸ್‌ನಲ್ಲಿ ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) 1ನೇ ಫ್ರೆಟ್ಟಿಗೆ ಸುಮಾರು 48 ಮಿಲಿಮೀಟರ್, 12ರಿಂದ 13ಕ್ಕೆ ಅದರ ಅರ್ಧ. 1ರಿಂದ 4ನೇ ಫ್ರೆಟ್ಟಿನ ಲೋಹದ ಪಟ್ಟಿಗೆ 13 ಸೆಂಟಿಮೀಟರ್ ದೂರವಿದೆ. ಅಲ್ಲಿ ಫ್ರೆಟ್ಟಿಗೊಂದು ಬೆರಳು ಎಂದು ಹಟ ಹಿಡಿದು ಚಾಚಿದರೆ ಮಣಿಕಟ್ಟು ಮಡಚಿ ಸ್ನಾಯು ಎಳೆಯುತ್ತದೆ. ಡಬಲ್ ಬೇಸ್ ನುಡಿಸುವವರ ಹಳೆಯ ಪದ್ಧತಿಯಂತೆ ತೋರುಬೆರಳು, ಮಧ್ಯದ ಬೆರಳು, ಕಿರುಬೆರಳು ಎಂದು ಮೂರು ಫ್ರೆಟ್ಟಿಗೆ ಮೂರು ಬೆರಳು ಇಡಿ, ಉಂಗುರ ಬೆರಳು ಕಿರುಬೆರಳಿಗೆ ಬೆಂಬಲವಾಗಿರಲಿ, ನಾಲ್ಕನೆಯದಕ್ಕೆ ಕೈಯನ್ನೇ ಸರಿಸಿ. 5ನೇ ಫ್ರೆಟ್ ದಾಟಿದ ಮೇಲೆ ನಾಲ್ಕು ಬೆರಳಿನ ಪದ್ಧತಿ ಆರಾಮ. ಬೆರಳು ಲೋಹದ ಪಟ್ಟಿಯ ಹಿಂದೆಯೇ ಒತ್ತಿರಲಿ. ಎರಡು ಪಟ್ಟಿಗಳ ನಟ್ಟನಡುವೆ ಒತ್ತಿದರೆ ತಂತಿ ಜರ್ ಎನ್ನುತ್ತದೆ, ಅದನ್ನು ಅಡಗಿಸಲು ಇನ್ನೂ ಜೋರಾಗಿ ಒತ್ತುತ್ತೀರಿ, ಕೈ ಸೋಲುತ್ತದೆ. ಮಣಿಕಟ್ಟಿನಲ್ಲೋ ಮುಂದೋಳಿನಲ್ಲೋ ಚುಚ್ಚುವ ನೋವು ಬಂದರೆ ಆ ದಿನಕ್ಕೆ ನಿಲ್ಲಿಸಬೇಕು. ಬೆರಳ ತುದಿಯ ಉರಿ ಬೇರೆ, ಅದು ಚರ್ಮ ಗಟ್ಟಿಯಾಗುವವರೆಗಿನದು.

ಬಲಗೈಯಲ್ಲಿ ತೋರುಬೆರಳು, ಮಧ್ಯದ ಬೆರಳು ಒಂದಾದ ಮೇಲೊಂದು. ತೆಳು ತಂತಿಯಿಂದ ದಪ್ಪ ತಂತಿಗೆ ಇಳಿಯುವಾಗ ಮಾತ್ರ ಅದೇ ಬೆರಳನ್ನು ಮುಂದಿನ ತಂತಿಗೆ ಬೀಳಲು ಬಿಟ್ಟು ಮೀಟಿದರೆ ಓಟ ಸಲೀಸು.

ಒಂದು ತುಂಡು ಕೈಗೆ ಕೂತ ಕೂಡಲೇ ಕಾಗದ ಮಗುಚಿ ಹಾಕಿ. ಟ್ಯಾಬ್‌ನಿಂದ ಕಣ್ಣು ತೆಗೆಯದೆ ಹತ್ತು ಹಾಡು ಕಲಿತವರಿಗೆ ಹನ್ನೊಂದನೆಯದಕ್ಕೂ ಟ್ಯಾಬ್ ಬೇಕು. ಪ್ರತಿ ರೂಟ್ ಸ್ವರದ ಹೆಸರು ಬಾಯಲ್ಲಿ ಹೇಳುತ್ತಾ ನುಡಿಸಿ: ಇ ತಂತಿಯ 3 ಎಂದರೆ ಜಿ, ಎ ತಂತಿಯ 3 ಎಂದರೆ ಸಿ. ಎರಡು ತಂತಿ ಆಚೆ, ಎರಡು ಫ್ರೆಟ್ ಮೇಲೆ ಹೋದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ. ಇ ತಂತಿಯ 3ಕ್ಕೆ ಡಿ ತಂತಿಯ 5. ಆಮೇಲೆ ಅದೇ ಸಾಲನ್ನು ಎರಡು ಫ್ರೆಟ್ ಮೇಲೆ ಸರಿಸಿ ನುಡಿಸಿ ನೋಡಿ. ಖಾಲಿ ತಂತಿ ಇಲ್ಲದ ಸಾಲಾದರೆ ಬೆರಳುಗಳ ಆಕಾರ ಹಾಗೇ ಉಳಿದು ಶ್ರುತಿ ಮಾತ್ರ ಏರುತ್ತದೆ. 1951ರಲ್ಲಿ ವಾದ್ಯ ತಯಾರಕ ಲಿಯೋ ಫೆಂಡರ್ ತಮ್ಮ ಬೇಸ್‌ಗೆ ಪ್ರಿಸಿಷನ್ ಎಂದು ಹೆಸರಿಟ್ಟದ್ದೇ ಅದರ ಕತ್ತಿನ ಮೇಲೆ ಫ್ರೆಟ್‌ಗಳಿದ್ದು ಸ್ವರ ನಿಖರವಾಗಿ ಬೀಳುತ್ತಿದ್ದುದಕ್ಕೆ. ಆ ಫ್ರೆಟ್‌ಗಳಿಂದಾಗಿಯೇ ಇವತ್ತು ಸ್ವರವನ್ನು ಅಂಕಿಯಲ್ಲಿ ಬರೆಯಲು ಸಾಧ್ಯವಾಗಿದೆ.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ಮುಂದೆ ಟ್ಯಾಬ್ ಅಚ್ಚು ಹಾಕುವಾಗ ಮೇಲೆ ತಂತಿಗಳ ಟ್ಯೂನಿಂಗ್ ಮತ್ತು ನಿಮಿಷಕ್ಕೆ ಎಷ್ಟು ಬೀಟು ಎಂಬುದು ಇರಲಿ. ಗೆರೆಗಳ ಮೇಲೆ ಎಣಿಕೆಯ ಒಂದು ಸಾಲು, ಪ್ರತಿ ಅಂಕಿಗೂ ಅದರ ಮನೆ ಯಾವುದೆಂದು ಕಾಣುವಂತೆ, ಇರಲಿ. ಅಂಕಣದ ಅಗಲ ಸಾಲದೆ ಬಾರನ್ನು ನಡುವೆ ಮುರಿಯುವುದಕ್ಕಿಂತ ಒಂದು ಬಾರು ಕಡಿಮೆ ಹಾಕಿ ಮುಂದಿನ ಸಾಲಿಗೆ ಒಯ್ಯುವುದು ಮೇಲು. ಎಲ್ಲ ಅಂಕಿಗೂ ಗೆರೆಗೂ ಒಂದೇ ಅಗಲದ ಅಚ್ಚಕ್ಷರ ಬಳಸಿ. ಕಳೆದ ಸಲ ಅಚ್ಚಾದ ಟ್ಯಾಬ್‌ನ ಮೂರನೇ ಸಾಲಿನಲ್ಲಿ 1 ಮತ್ತು 2 ಅಂಟಿಕೊಂಡು 12 ಆಗಿದೆ. ಓದುಗರು 12ನೇ ಫ್ರೆಟ್ ಹುಡುಕದಂತೆ ಒಂದು ತಿದ್ದುಪಡಿ ಹಾಕಿದರೆ ಉಪಕಾರ.

ಇಂತು,
ಬೇಸ್ ಗಿಟಾರ್ ಕಲಿಸುವ ಇಬ್ಬರು ಓದುಗರು